ಪೆಟ್ಟಿಗೆ ಮುಂದಿನ ಜಾಗ

ಫೆ. 2, ಭಾನುವಾರ

ಇವತ್ತೂ ಹರದನಹಳ್ಳಿಗೆ ಹೋಗಿ ಬಂದೆ. ವಾರಕ್ಕೆ ಇರುವುದೇ ಒಂದು ರಜೆ, ಅದೂ ನಾಟಕದ ಪಾಲು. ಆರು ದಿನ ಬದನಗುಪ್ಪೆ ಗಾರ್ಮೆಂಟ್ಸಿನಲ್ಲಿ ಮೆಷಿನ್ ತುಳಿ, ಭಾನುವಾರ ಹಾರ್ಮೋನಿಯಂ ಪೆಟ್ಟಿಗೆ ತುಳಿ. ಕಾಲಿಗೆ ಬಾಯಿದ್ದಿದ್ದರೆ ಬೈಯುತ್ತಿತ್ತು.

ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದಾಗ ಊರವರೇ ಅಂದಿದ್ದು — "ನಾಟ್ಕ ನಿಲ್ಲೋದು ಬ್ಯಾಡ. ಮೂಗಯ್ಯ ಮೇಷ್ಟ್ರು ಸುಧಾರಿಸ್ಕೊಳ್ಳೋಗಂಟ ಮಗಳೇ ಹೇಳ್ಕೊಡ್ಲಿ." ಅಪ್ಪ ಸುಧಾರಿಸಲಿಲ್ಲ. ನಾನು ಹೇಳಿಕೊಡುತ್ತಲೇ ಇದ್ದೇನೆ. ಹೆಚ್ಚುಕಮ್ಮಿ ಎಲ್ಲ ಹಾಡೂ ಕೂತಿವೆ.

ರಾಜಾಪಾರ್ಟು ಗುರುಪಾದಸ್ವಾಮಿಯವರದು. ಅರಿಶಿನದ ಹೊಲ, ಬಾಳೆ ತೋಟ, ಊರಲ್ಲಿ ಮಾತು — ಎಲ್ಲ ಅವರದೇ. ಮೀಸೆಯೂ ರಾಜನದೇ. ಗಂಟಲು ಮಾತ್ರ ಅಷ್ಟು ಮೇಲೆ ಹತ್ತುವುದಿಲ್ಲ. ಆದರೆ ಬಿಳಿ ನಾಲ್ಕರ, ಅಂದರೆ ಪೆಟ್ಟಿಗೆಯ ನಾಲ್ಕನೇ ಬಿಳಿ ಮನೆಯ ಎತ್ತರದ ಶ್ರುತಿಯೇ ಆಗಬೇಕು. ಅದರಲ್ಲಿ ಹಾಡಿದವನೇ ಗಂಡಸು ಅಂತ ಅವರ ಲೆಕ್ಕ. ಹೋದ ತಿಂಗಳಿಂದ ಸದ್ದಿಲ್ಲದೆ ಎರಡು ಮನೆ ಕೆಳಗೆ ಹಿಡಿಯುತ್ತಿದ್ದೇನೆ. ಗೊತ್ತಾಗಿಲ್ಲ. "ಈಗ ನೋಡ್ರಲಾ, ಗಂಟ್ಲು ಎಂಗೆ ಬುಟ್ಕತು" ಅಂತ ಬೀಗುತ್ತಾರೆ. ಬೀಗಲಿ. ಹಾಡು ಚೆನ್ನಾಗಿ ಬರುತ್ತಿದೆ.

ಫೆ. 9

ಮಾರ್ಚ್ ಒಂದಕ್ಕೆ ನಾಟಕ. ರಾಜಣ್ಣ ಮೊಬೈಲಿನಲ್ಲಿ ಫ್ಲೆಕ್ಸ್ ತೋರಿಸಿದ. ಅವನು ಸೇನಾಪತಿ ಪಾರ್ಟು, ತಾಲೀಮು ಮುಗಿದ ಮೇಲೆ ತನ್ನ ಆಟೋದಲ್ಲಿ ನನ್ನನ್ನು ಚಾಮರಾಜನಗರಕ್ಕೆ ತಂದು ಬಿಡುವವನೂ ಅವನೇ. ಎಲ್ಲರ ಫೋಟೋ ಇದೆ. ಶಾಮಿಯಾನದವರ ಹೆಸರೂ ಇದೆ. ಕೆಳಗೆ — ಹಾರ್ಮೋನಿಯಂ: ಗುಂಡ್ಲುಪೇಟೆ ಗಂಗಾಧರಸ್ವಾಮಿ.

ಎರಡು ಸಲ ಓದಿದೆ.

"ತಪ್ ತಿಳ್ಕಬ್ಯಾಡ ಕಣಮ್ಮಿ. ಕಲ್ಸೋದು ಬ್ಯಾರೆ, ಜನದ ಮುಂದೆ ಪೆಟ್ಗೆಗೆ ಕೂರೋದು ಬ್ಯಾರೆ. ಈ ಸುತ್ಮುತ್ತ ಯಾವೂರಲ್ಲೂ ಹೆಣ್ಣೆಂಗ್ಸು ಕುಂತಿಲ್ಲ."

ಆ ಮೇಷ್ಟ್ರು ಕೊನೆಯ ತಾಲೀಮಿಗೆ, ಟ್ರಯಲ್‌ಗೂ ಬರಲ್ಲವಂತೆ. ಗೊತ್ತಿರುವ ನಾಟಕವಂತೆ, ನೇರವಾಗಿ ಸ್ಟೇಜಿಗೇ ಬರುತ್ತಾರಂತೆ. ದಾರಿಯುದ್ದಕ್ಕೂ ರಾಜಣ್ಣನ ಜೊತೆ ಮಾತಾಡಲಿಲ್ಲ. ಅವನದೇನು ತಪ್ಪು... ಆದರೂ ಮಾತಾಡಲಿಲ್ಲ.

ಫೆ. 10, ಬೆಳಗ್ಗೆ

ಹೊಳೆಯಿತು. ಗಂಗಾಧರಸ್ವಾಮಿ ಬಂದು ಬಿಳಿ ನಾಲ್ಕೇ ಹಿಡಿಯುತ್ತಾರೆ. ಮೊದಲನೇ ಹಾಡಿಗೇ ರಾಜರ ಗಂಟಲು ಸೀಳುತ್ತದೆ. ಸೀಳಲಿ! ಊರೆಲ್ಲ ಶಿಳ್ಳೆ ಹೊಡೆಯಲಿ. ಬಾಯಿ ಬಿಡುವುದಿಲ್ಲ ನಾನು.

ಫ್ಯಾಕ್ಟರಿ ವ್ಯಾನ್ ಬಂತು.

ಫೆ. 16

ಬಿಟ್ಟೆ. ವಾರವೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಒದ್ದಾಡಿ ಇವತ್ತು ಅವರ ಜಗುಲಿಯಲ್ಲಿ ಹೇಳಿಬಿಟ್ಟೆ. ಸೀಳುವುದು ಅವರ ಗಂಟಲಾದರೂ ಹಾಳಾಗುವುದು ನಾನು ಕೂರಿಸಿದ ಹಾಡು. ಅದು ಗೊತ್ತಿದ್ದೂ ಮನೆಯಲ್ಲಿ ಮಲಗಲು ನನ್ನ ಕೈಲಾಗದು.

ಅವರು ಕಾಫಿ ಲೋಟ ಕೆಳಗಿಟ್ಟರು. "ನಂಗೆ ಗೊತ್ತಿಲ್ದಂಗೆ ಇಳಿಸ್ಬುಟ್ಟಿದ್ದೀಯಾ?"

"ನಿಮ್ ಗಂಟ್ಲಿಗೆ ಒಗ್ಗೋ ಜಾಗದಲ್ಲಿ ಇಟ್ಟಿದ್ದೀನಿ ಸ್ವಾಮಿ. ಬರೋ ಮೇಷ್ಟ್ರಿಗೂ ಅದ್ನೇ ಏಳಿ."

"ನಮ್ಮಪ್ಪನ ಕಾಲ್ದಿಂದ ರಾಜಾಪಾರ್ಟು ನಮ್ ಮನೇದು ಕಣಮ್ಮಿ. ನಿನ್ ಕೈಲಿ ಏಳಿಸ್ಕಬೇಕಾ ನಾನು?"

ಒಳಗಿನಿಂದ ಅವರ ಹೆಂಡತಿ ಗಂಗಾಂಬಿಕೆಯವರು ಬಾಗಿಲವರೆಗೆ ಬಂದು ಹಾಗೇ ಒಳಗೆ ಹೋದರು. ಮನೆಗೆ ಬಂದು ಹೇಳಿದರೆ ಅವ್ವ, "ದೊಡ್ಡೋರ ತಂಟೆ ನಮ್ಗ್ಯಾಕೆ, ಬುಟ್ಬುಡು" ಅಂತ ಅಳುತ್ತಾ ಕೂತಳು. ಅಪ್ಪನ ಮಾತು ಇನ್ನೂ ತೊದಲು. ಭಯವಾಗುತ್ತಿದೆ.

ಫೆ. 23

ಟ್ರಯಲ್. ರಾಣಿ ಪಾರ್ಟಿಗೆ ದಾನೇಶ್ವರಿ ಅಕ್ಕ ಗುಂಡ್ಲುಪೇಟೆಯಿಂದ ಬಂದಿದ್ದಳು. ಇಪ್ಪತ್ತು ವರ್ಷದಿಂದ ಊರೂರಿಗೆ ಹೋಗಿ ಬಣ್ಣ ಹಚ್ಚುವವಳು. ಬಂದವಳೇ ನನ್ನ ಮುಖ ನೋಡಿ, "ಏನೋ ಆಗದೆ ನಿಂಗೆ" ಅಂದಳು.

ಗುರುಪಾದಸ್ವಾಮಿ ಎಲ್ಲರ ಎದುರು ನಿಂತರು. "ಇಡಿ. ಬಿಳಿ ನಾಲ್ಕೇ ಇಡಿ ಇವತ್ತು."

ಹಿಡಿದೆ. ಪಲ್ಲವಿ ಹೇಗೋ ದಾಟಿದರು. ಮೇಲಕ್ಕೆ ಹೋಗುವಲ್ಲಿ ಗಂಟಲು ಒಡೆಯಿತು. ಇನ್ನೊಮ್ಮೆ ಎತ್ತಿದರು, ಮತ್ತೆ ಅದೇ ಜಾಗ. ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು ನೋಡಲು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಕೇಳದೆಯೇ ಎರಡು ಮನೆ ಇಳಿಸಿದೆ. ಅವರು ಹಾಡಲಿಲ್ಲ, ಹೆಗಲ ಮೇಲಿನ ಟವಲ್ ಕೊಡವಿಕೊಂಡು ಹೊರಟುಹೋದರು.

ಆಮೇಲೆ ಅಕ್ಕನನ್ನು ಬಸ್ಸು ಹತ್ತಿಸಲು ಹೋದೆ. "ಶ್ರುತಿ ಗೊತ್ತಾಯ್ತಲ್ಲಕ್ಕ, ಇನ್ನು ನನ್ನೇ ಕೂರಿಸ್ತಾರೆ" ಅಂದೆ.

"ಪೆದ್ದಿ ಕಣೆ ನೀನು. ಶ್ರುತಿದಲ್ಲ, ಕಾಲಿಂದು."

ಸರಿಯೇ. ಯಾಕೆ ಹೊಳೆಯಲಿಲ್ಲ ನನಗೆ! ನಾಟಕದ ದಿನ ಬಣ್ಣ ಹಚ್ಚಿದ ಮೇಲೆ ಪ್ರತಿ ಪಾತ್ರಧಾರಿಯೂ ಬಂದು ಮೇಷ್ಟ್ರ ಕೈಗೆ ವೀಳ್ಯ ಕೊಟ್ಟು ಕಾಲು ಮುಟ್ಟಬೇಕು. ಆಮೇಲೇ ಪರದೆ. ಅಪ್ಪನ ಕಾಲು ಮುಟ್ಟುತ್ತಿದ್ದರು, ವಯಸ್ಸಿಗೆ, ವಿದ್ಯೆಗೆ ಅಂತ ಸಮಾಧಾನ ಮಾಡಿಕೊಂಡು. ಈಗ ಅವರ ಮಗಳ ವಯಸ್ಸಿನವಳ ಕಾಲು. ಅದೂ ನಮ್ಮ ಕೇರಿಯ ಕಾಲು. ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳದೆ ಸುತ್ತಿ ಬಳಸುತ್ತಿದ್ದದ್ದು ಇದನ್ನೇ.

ಫೆ. 27

ನಾಲ್ಕು ದಿನ ಯಾರದೂ ಫೋನಿಲ್ಲ. ಶಿವರಾತ್ರಿ ಕಳೆಯಿತು. ಫ್ಯಾಕ್ಟರಿಯಲ್ಲಿ ಕಾಲರ್ ತಿರುಗುಮುರುಗು ಹೊಲಿದು ಸೂಪರ್‌ವೈಸರ್ ಹತ್ತಿರ ಬೈಸಿಕೊಂಡೆ.

ಸಂಜೆ ರಾಜಣ್ಣ ಬಂದ. ಹೊರಗಿನವರಿಗೆ ಶ್ರುತಿ ಇಳಿಸಿ ಅನ್ನಲು ಮನಸ್ಸಾಗದೆ ಗುರುಪಾದಸ್ವಾಮಿಯವರೇ ಗುಂಡ್ಲುಪೇಟೆ ಮೇಷ್ಟ್ರಿಗೆ ಬೇಡ ಅಂದುಬಿಟ್ಟರಂತೆ. ನಾನೇ ಕೂರುವುದಂತೆ! ಅವ್ವನ ಕೈ ಹಿಡಿದು ಕುಣಿಯುವಷ್ಟರಲ್ಲಿ ಅಂದ — "ಒಂದ್ ಮಾತು ಕಣಮ್ಮಿ. ವೀಳ್ಯ ಪೆಟ್ಗೆ ಮ್ಯಾಲೆ ಮಡಗ್ತಾರೆ. ನಿನ್ ಕೈಗಲ್ಲ. ಕಾಲೂ ಇಲ್ಲ. ಒಪ್ಕೊಂಬುಡು, ಕೂರೋಕೆ ಸಿಕ್ತಲ್ಲ."

ಹೂಂ ಅಂದೆ.

ಅಂದ ಗಳಿಗೆಯಿಂದ ಮೈಯೆಲ್ಲ ಉರಿ.

ಮಾ. 1, ಮಧ್ಯಾಹ್ನ

ಅಪ್ಪನಿಗೆ ಗಂಜಿ ಕುಡಿಸಿದೆ. ಹಸಿರು ಸೀರೆ ಇಸ್ತ್ರಿ ಆಯ್ತು. ಫ್ಯಾಕ್ಟರಿಗೆ ರಜೆ ಹೇಳಿಯಾಗಿದೆ. ಇವತ್ತು ಕೆಟ್ಟರೆ ಇನ್ನೊಬ್ಬ ಹೆಣ್ಣನ್ನು ಯಾವ ಊರೂ ಕೂರಿಸುವುದಿಲ್ಲ. ಕೆಡದಿದ್ದರೆ... ಕೆಡದಿದ್ದರೂ ವೀಳ್ಯ ಪೆಟ್ಟಿಗೆಗೇ.

ಆಟೋ ಹಾರ್ನ್. ಹೊರಟೆ.

ಮಾ. 2, ಭಾನುವಾರ

ನಿದ್ದೆಯಿಲ್ಲ. ಬರೆಯದಿದ್ದರೆ ಆಗುವುದಿಲ್ಲ.

ರಂಗಪೂಜೆ ಆಯ್ತು. ಮುಂದೆ ಜನ ಕಿಕ್ಕಿರಿದಿದ್ದರು. ಹೆಂಗಸರೆಲ್ಲ ಕತ್ತು ಉದ್ದ ಮಾಡಿ ನನ್ನನ್ನೇ ನೋಡುತ್ತಿದ್ದರು. ರಾಜಣ್ಣ ವೀಳ್ಯ ತಂದು ಪೆಟ್ಟಿಗೆ ಮೇಲಿಟ್ಟ, ಮುಖ ನೋಡಲಿಲ್ಲ. ಹಿಂದೆ ಬಂದವರೂ ಹಾಗೇ. ದಾನೇಶ್ವರಿ ಅಕ್ಕ ಮಾತ್ರ ಕೈಗೇ ಕೊಟ್ಟು, ರಾಣಿ ಸೀರೆಯಲ್ಲೇ ಕೂತು ಕಾಲು ಮುಟ್ಟಿದಳು. ಅವಳು ನನಗಿಂತ ಎಷ್ಟು ದೊಡ್ಡವಳು! ಕಣ್ಣು ತುಂಬಿಬಿಟ್ಟಿತು.

ಕೊನೆಗೆ ರಾಜರು. ವೀಳ್ಯ ಪೆಟ್ಟಿಗೆ ಮೇಲಿಟ್ಟು, "ಬಾರ್ಸು" ಅಂದರು.

ನಾನು ತುಳಿಯಲಿಲ್ಲ. ಮೊದಲೇ ಯೋಚನೆ ಮಾಡಿದ್ದಲ್ಲ, ಕಾಲು ಏಳಲೇ ಇಲ್ಲ. ಮೈಕಿನಲ್ಲಿ ಯಾರೋ, "ಶುರು ಮಾಡ್ಬೇಕು" ಅಂದರು. ಹಿಂದಿನಿಂದ ಶಿಳ್ಳೆ. ರಾಜಣ್ಣ ಕೈ ಮುಗಿದು ಬೇಡುತ್ತಿದ್ದ.

"ಬಾರ್ಸು ಅಂದೆ."

"ಮೇಷ್ಟ್ರಿಗೆ ವೀಳ್ಯ ಬರ್ಲಿ ಸ್ವಾಮಿ. ಬಾರಿಸ್ತೀನಿ."

ಬಣ್ಣದ ಕೆಳಗೆ ಅವರ ಕೆನ್ನೆ ಅದುರಿತು. ಹೊಡೆದೇ ಬಿಡುತ್ತಾರೆ ಅಂದುಕೊಂಡೆ. ಜನಕ್ಕೆ ಅರ್ಥವಾಯಿತೋ ಏನೋ, ಸದ್ದಡಗಿತು. ಆಮೇಲೆ ಕಿರೀಟ ತೆಗೆದು ರಾಜಣ್ಣನ ಕೈಗೆ ಕೊಟ್ಟರು. ವೀಳ್ಯ ಎತ್ತಿ ನನ್ನ ಕೈಗಿಟ್ಟರು. ಬಗ್ಗಿದರು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಏಳುವಾಗ ಹಲ್ಲು ಕಚ್ಚಿ ಅಂದರು, "ಇದು ಜಾಗಕ್ಕೆ. ನಿಂಗಲ್ಲ."

ಆಗಲಿ. ಜಾಗದಲ್ಲಿ ಇದ್ದದ್ದು ನಾನೇ. ಅವರ ಗಂಟಲಿಗೆ ಒಗ್ಗುವ ಶ್ರುತಿಯನ್ನೇ ಹಿಡಿದೆ. ಹಾಡಿದರು, ಏನು ಹಾಡಿದರು! ಬೆಳಗಿನ ತನಕ ಒಂದು ಹಾಡೂ ಬೀಳಲಿಲ್ಲ. ಹೋಗುವಾಗ ಅವರು ನನ್ನ ಕಡೆ ತಿರುಗಲಿಲ್ಲ. ನಾನೂ ಕಾಯಲಿಲ್ಲ.

ಈಗಷ್ಟೇ ಫೋನ್ ಬಂದಿತ್ತು. ಹೊಸ ನಂಬರ್. "ನಾವು ಗುಂಡ್ಲುಪೇಟೆ ಬೇಗೂರಿಂದ. ಮೇಷ್ಟ್ರು ಮನೇಲವ್ರಾ?"

"ಮಲಗವ್ರೆ, ಉಸಾರಿಲ್ಲ. ಏನ್ ಏಳ್ಬೇಕು?" ಅಂದೆ. ಆರು ತಿಂಗಳಿಂದ ಇದೇ ಉತ್ತರ ಹೇಳಿ ಬಾಯಿಪಾಠ.

"ಅವ್ರಲ್ಲ ಕಣವ್ವ. ರಾತ್ರಿ ಹರದನಹಳ್ಳೀಲಿ ಕುಂತಿದ್ರಲ್ಲ, ಆ ಮೇಷ್ಟ್ರು."

ಅಪ್ಪ ಮಂಚದಿಂದ ನನ್ನನ್ನೇ ನೋಡುತ್ತಿದ್ದ. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ. ಹೇಳಿದೆ — "ಮೇಷ್ಟ್ರೇ ಮಾತಾಡ್ತಿರೋದು. ಏಳಿ."