ಯಜಮಾನಿಗೆ ಬೈಯುವ ಹಬ್ಬ

ಜನವರಿ, ತಿಂಗಳ ನಡುವಿನ ಐಡ್ಸ್ ಕಳೆದ ನಾಲ್ಕನೆಯ ದಿನ

ರೊಟ್ಟಿ ಇವತ್ತೂ ಸೀದಿದೆ. ಟ್ರೊಫೀಮೆ ಬೇಕೆಂದೇ ಸೀಯಿಸುತ್ತಾಳೆ. ಅಡುಗೆಗೆ ಅಂತ ಕೊಂಡ ದಾಸಿ, ಕೊಬ್ಬು ಮಾತ್ರ ಮಹಾರಾಣಿಯದು.

ಊಟಕ್ಕೆ ಮುಂಚೆ ಚಕ್ರವರ್ತಿಯ ಹೆಸರು ಹೇಳಿ ದ್ರಾಕ್ಷಾರಸ ಚೆಲ್ಲಬೇಕಲ್ಲ. ಅಭ್ಯಾಸಬಲ — ಗಾಲ್ಬ ಅಂದುಬಿಟ್ಟೆ. ಅವನನ್ನು ನಡುಚೌಕದಲ್ಲಿ ಕಡಿದುಹಾಕಿದ್ದು ಮೊನ್ನೆ! ಈಗ ಓಥೋ. ಟ್ರೊಫೀಮೆ ತುಟಿ ಕಚ್ಚಿ ನಕ್ಕಳು. ಇನ್ನು ಯಾರ ಕಿವಿಗೆ ಊದುತ್ತಾಳೋ. ನನ್ನ ವಿಬಿಯಸ್ ಇರುವುದು ರೈನ್ ನದಿಯ ದಂಡಿನಲ್ಲಿ. ಆ ದಂಡು ಇನ್ನೊಬ್ಬನನ್ನೇ, ವಿಟೆಲಿಯಸ್‌ನನ್ನು, ಚಕ್ರವರ್ತಿ ಅನ್ನುತ್ತಿದೆಯಂತೆ. ಮಗ ಅಲ್ಲಿದ್ದಾನೆಂದು ಬೀದಿಗೆ ಗೊತ್ತಾದರೆ ನಮ್ಮ ಕಥೆ ಮುಗಿಯಿತು.

ಏಪ್ರಿಲ್ ಕೊನೆ

ಓಥೋ ತಾನೇ ಇರಿದುಕೊಂಡು ಸತ್ತ. ಈಗ ವಿಟೆಲಿಯಸ್. ಚೆಲ್ಲುವ ರಸ ಅದೇ, ಹೆಸರು ಬೇರೆ.

ಪಕ್ಕದ ಮನೆಯ ಓಪಿಯಾ, ಕ್ಷೌರಿಕನ ಹೆಂಡತಿ, ಓಡೋಡಿ ಬಂದಳು. "ಗೆದ್ದಿದ್ದು ನಿಮ್ಮ ಮಗನ ಕಡೆಯವರಂತಲ್ರೀ! ಒಂದು ಮಾತು ಹೇಳಲಿಲ್ಲ ನೋಡಿ ನೀವು."

ನಾನು ಹೇಳಿಲ್ಲ. ಹಾಗಾದರೆ ಹೇಳಿದವರಾರು? ಟ್ರೊಫೀಮೆ. ಮತ್ಯಾರು.

ಜುಲೈ

ಬಂದ! ದಂಡಿನ ಜೊತೆ ಬಂದ. ಕರಿಕಲಾಗಿದ್ದಾನೆ, ಸೊರಗಿದ್ದಾನೆ. ಒಂದು ಹೊತ್ತು ಉಂಡು ಹೋದ. ಆ ಒಂದು ಹೊತ್ತೂ ಅಡುಗೆಮನೆಯಲ್ಲಿ ಟ್ರೊಫೀಮೆ ಜೊತೆಯೇ ಗುಸುಗುಸು. ಎತ್ತಿ ಆಡಿಸಿದವಳಂತೆ. ಹೆತ್ತವಳು ನಾನು! ಹೊಟ್ಟೆ ಉರಿಯಿತು, ಸುಳ್ಳೇಕೆ ಬರೆಯಲಿ.

ಡಿಸೆಂಬರ್, ಸ್ಯಾಟರ್ನ್ ಹಬ್ಬದ ಮೊದಲ ದಿನ

ವಿಟೆಲಿಯಸ್ ದಂಡು ಉತ್ತರದಲ್ಲಿ ಸೋತಮೇಲೆ ಮಗನ ಸುದ್ದಿಯೇ ಇಲ್ಲ. ಈಗ ಚಕ್ರವರ್ತಿ ಪಟ್ಟಕ್ಕೆ ಇನ್ನೊಬ್ಬ, ವೆಸ್ಪಾಸಿಯನ್. ಅವನ ಕಡೆಯವರು ಊರ ಹತ್ತಿರ ಬಂದಿದ್ದಾರೆ.

ಮನೆಯಲ್ಲಿ ರೊಟ್ಟಿ ಮಾಯ, ಗಿಣ್ಣು ಮಾಯ. ಹಿತ್ತಲ ಉಗ್ರಾಣದಲ್ಲಿ ಗಂಡಸಿನ ಕೆಮ್ಮು ಕೇಳಿದೆ. ಕಳ್ಳಿ ಟ್ರೊಫೀಮೆ! ಯಾವನೋ ಸಿಪಾಯಿಯನ್ನು ಇಟ್ಟುಕೊಂಡು ನನ್ನ ಮನೆಯದೇ ಅನ್ನ ಹಾಕುತ್ತಿದ್ದಾಳೆ. ತಡೆಯಲಾರದೆ ಓಪಿಯಾ ಹತ್ತಿರ ಹೇಳಿಕೊಂಡೆ. ಎದೆ ಹಗುರಾಯಿತು.

ಮೂರನೆಯ ದಿನ

ಅಯ್ಯೋ ದೇವರೇ. ಉಗ್ರಾಣದ ಬಾಗಿಲು ತಳ್ಳಿದೆ. ವಿಬಿಯಸ್. ತೊಡೆಗೆ ಗಾಯ.

"ಅವ್ವಂಗೆ ಹೇಳಬೇಡ ಅಂತ ಟ್ರೊಫೀಮೆಗೆ ಅಂದಿದ್ದು ನಾನೇ. ನಿನ್ನ ಬಾಯೀಲಿ ಏನು ನಿಲ್ಲುತ್ತೆ ಹೇಳು?"

ಓಪಿಯಾಗೆ ಹೇಳಿದ್ದನ್ನು ಅವನಿಗೆ ಹೇಳಲಿಲ್ಲ.

ಐದನೆಯ ದಿನ, ಮಧ್ಯಾಹ್ನ

ಊರು ಬಿತ್ತು. ವಿಟೆಲಿಯಸ್ ಕಡೆಯವರನ್ನು ಮನೆಮನೆ ಹುಡುಕಿ ಕಡಿಯುತ್ತಿದ್ದಾರೆ. ಹಬ್ಬದೂಟ ನಿಲ್ಲಿಸಿದರೆ ಅನುಮಾನ. ಆಳುಗಳು ಉಣ್ಣಲು ಕೂತರು, ಈ ಹಬ್ಬದಲ್ಲಿ ಯಜಮಾನರೇ ಆಳುಗಳಿಗೆ ಬಡಿಸುವ ಪದ್ಧತಿಯಂತೆ ನಾನು ಬಡಿಸಿದೆ. ವಿಬಿಯಸ್‌ಗೂ ಆಳಿನ ಅಂಗಿ, ಹಬ್ಬದ ಟೊಪ್ಪಿ ಹಾಕಿ ಅವರ ನಡುವೆ ಕೂರಿಸಿದ್ದೆವು.

ಬಂದರು. ಮೂವರು. ಮುಂದಾಳು ಮೇಜಿನ ಮೇಲೆ ಕತ್ತಿ ಇಟ್ಟ. "ನಿಮ್ಮ ಅಡುಗೆಯವಳು ಸಿಪಾಯಿಗೆ ಅನ್ನ ಹಾಕ್ತಾಳಂತೆ? ಬೀದಿಯೆಲ್ಲ ಅದೇ ಮಾತು."

ನಾನು ಹೂಜಿ ಬಗ್ಗಿಸಿ ಮುಂದಿನ ಬಟ್ಟಲು ತುಂಬಿಸಿದೆ.

ಅವನು ಎಲ್ಲರ ಮುಖ ನೋಡಿದ. ನಕ್ಕ. "ಹಬ್ಬ ಅಲ್ವೇನ್ರೋ? ಇವತ್ತು ಯಜಮಾನಿಗೆ ಬೈದರೂ ಏಟಿಲ್ಲ. ಒಬ್ಬೊಬ್ಬರಾಗಿ ಬೈಯಿರಿ. ನಿಜವಾದ ಆಳಾಗಿದ್ರೆ ವರ್ಷದ ಸಿಟ್ಟು ಇದ್ದೇ ಇರುತ್ತೆ."

ಬಾಗಿಲು ಕಾಯುವ ಮುದುಕ ದಾಮ ಕಾಯುತ್ತಿದ್ದವನಂತೆ ಶುರುಮಾಡಿದ. "ಜಿಪುಣಿ! ಎಂಜಲು ಕೈಯಲ್ಲಿ ಕಾಗೆ ಓಡಿಸಲ್ಲ!"

ಟ್ರೊಫೀಮೆ ನನ್ನ ಕಣ್ಣಲ್ಲಿ ಕಣ್ಣಿಟ್ಟಳು. "ಇಷ್ಟು ವರ್ಷ ನಿಮ್ಮ ಒಲೆ ಊದಿದೆ. ಒಂದು ದಿನ ನನ್ನನ್ನ ನಂಬಲಿಲ್ಲ."

ಅದು ನಾಟಕವಾಗಿರಲಿಲ್ಲ.

ವಿಬಿಯಸ್ ಸರದಿ. ಅವನು ತಲೆ ತಗ್ಗಿಸಿದ. ಬೈಯೋ, ನನ್ನಪ್ಪ, ಬೈದುಬಿಡೋ ಅಂತ ಒಳಗೇ ಬೇಡಿಕೊಂಡೆ. ನಾಲಿಗೆ ಏಳಲಿಲ್ಲ ಅವನಿಗೆ. ಮುಂದಾಳಿನ ಕೈ ಕತ್ತಿಯ ಕಡೆ ಹೋಯಿತು.

"ಅದು ಪೆದ್ದು, ಅದನ್ಯಾಕೆ ಕೇಳ್ತೀರಿ?" ಟ್ರೊಫೀಮೆ ಎದ್ದು ನಿಂತಳು. "ಅನ್ನ ಹಾಕಿದ್ದು ನಾನು. ಆ ಸಿಪಾಯಿ ನಿನ್ನೆಯೇ ಹೊರಟುಹೋದ. ಎಲ್ಲಿಗೆ ಅಂತ ಹೇಳಲ್ಲ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ."

ಜುಟ್ಟು ಹಿಡಿದು ಎಳೆದುಕೊಂಡು ಹೋದರು.

ಅದೇ ದಿನ, ಸಂಜೆ

ದಾಸಿಯನ್ನು ಹಿಂಸಿಸದೆ ವಿಚಾರಿಸುವ ಪದ್ಧತಿ ಈ ಊರಲ್ಲಿಲ್ಲ. ಎಷ್ಟು ಹೊತ್ತು ತಡೆದಾಳು? ಹೇಳಿಯೇ ಹೇಳುತ್ತಾಳೆ. ನಾನಾದರೂ ಹೇಳುತ್ತಿದ್ದೆ.

"ಅವಳು ಬಾಯಿ ಬಿಡಲ್ಲ ಅವ್ವ. ಇಲ್ಲೇ ಇರ್ತೀನಿ. ಈ ಕಾಲಲ್ಲಿ ಎಲ್ಲಿಗೆ ಹೋಗಲಿ?"

"ನಿನಗೇನೋ ಗೊತ್ತು ಇಂಥವರ ಬುದ್ಧಿ? ನಡಿ, ಅವರು ಬರೋದ್ರೊಳಗೆ ನಡಿ!"

ಕುಂಟುತ್ತಾ ನಿಂತೇ ಇದ್ದ. ನಾನೇ ಹಿತ್ತಲ ಬಾಗಿಲಿನಿಂದ ಆಚೆ ದಬ್ಬಿದೆ. ಊರಿನ ಓಸ್ಟಿಯಾ ಹೆಬ್ಬಾಗಿಲಿನ ಕಡೆ ಹೋದ. ಚಿಲಕ ಹಾಕಿಕೊಂಡೆ.

ಆರನೆಯ ದಿನ

ಮನೆ ಹುಡುಕಲು ಯಾರೂ ಬರಲಿಲ್ಲ. ಓಪಿಯಾ ಮಾತ್ರ ಬಂದಳು. "ಓಸ್ಟಿಯಾ ಬಾಗಿಲ ಹತ್ರ ಒಬ್ಬನ್ನ ಕಡಿದು ಹಾಕಿದ್ದಾರೆ ಕಣ್ರೀ. ಆಳಿನ ವೇಷ ಹಾಕಿದ್ದನಂತೆ. ಕುಂಟ ಪಾಪ, ಓಡೋಕೂ ಆಗಲಿಲ್ಲವಂತೆ."

ಅವಳ ಮುಂದೆ ಅಳಲಿಲ್ಲ.

ಮಧ್ಯಾಹ್ನ

ಟ್ರೊಫೀಮೆ ಬಂದಿದ್ದಾಳೆ. ಗೋಡೆ ಹಿಡಿದುಕೊಂಡು ಬಂದಳು. ಬಲಗೈ ಬೆರಳುಗಳನ್ನು ನೋಡಲಾಗುವುದಿಲ್ಲ.

"ಒಂದು ಮಾತೂ ಆಡಲಿಲ್ಲ ಅಮ್ಮಾವ್ರೇ. ಸಾಕಾಗಿ ಬಿಟ್ಟುಬಿಟ್ಟರು. ಇನ್ನು ಈ ಕಡೆ ಯಾರೂ ಬರಲ್ಲ. ಚಿಕ್ಕ ಯಜಮಾನ್ರನ್ನ ಕರೀರಿ, ಹಸಿದಿರ್ತಾರೆ."

ಎಡಗೈಯಲ್ಲೇ ಒಲೆ ಹಚ್ಚುತ್ತಿದ್ದಾಳೆ. ಹೋಗಿ ಹೇಳಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಹೇಳುತ್ತೇನೆ. ಟ್ರೊಫೀಮೆ, ಅವನು ಇಲ್ಲ ಕಣೇ. ನೀನು ಹೇಳಿಬಿಡುತ್ತೀಯ ಅಂತ ನಾನೇ ಅವನನ್ನ