ಮೂರನೆಯ ಬಟ್ಟಲಿನ ಜೊತೆ ನುಂಗಿದ ಗುಳಿಗೆ

ಜಿಮ್ಮಾ, ಆಸ್ಪತ್ರೆಯ ಜಗಲಿಯಿಂದ
ಹಿದಾರ್ ತಿಂಗಳ ಹನ್ನೆರಡು, ಬುಧವಾರ

ಪ್ರೀತಿಯ ಮಗನೇ ನೆಜೀಫ್,

ಹೇಗಿದ್ದೀಯಪ್ಪಾ? ಸೈನ್ಯದಲ್ಲಿದ್ದಾಗ ಅಂಟಿಸಿಕೊಂಡು ಬಂದ ಆ ಮೊಣಕಾಲು ನೋವು ಹೇಗಿದೆ? ನಿನ್ನ ಸಕ್ಕರೆ ಕಾರ್ಖಾನೆಯಲ್ಲಿ ಊಟಕ್ಕೆ ಇಂಜೆರಾ ರೊಟ್ಟಿ ಹಾಕುತ್ತಾರೋ, ಇಲ್ಲ ಇನ್ನೂ ಒಣ ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದೀಯೋ? ಇದನ್ನೆಲ್ಲ ಕೇಳದೆ ಪತ್ರ ಶುರು ಮಾಡಲು ನನಗೆ ಬರುವುದಿಲ್ಲ. ಆದರೆ ಉತ್ತರಕ್ಕೆ ಕಾಯುವ ಸ್ಥಿತಿಯಲ್ಲಿ ಈ ಸಲ ನಾನಿಲ್ಲ. ತಮೀಮಾಳನ್ನು ಭಾನುವಾರ ಇಲ್ಲಿಗೆ ಸೇರಿಸಿದ್ದೇವೆ. ನಿನ್ನ ಹೆಂಡತಿ ಬದುಕಿದ್ದಾಳೆ, ಹೊಟ್ಟೆಯಲ್ಲಿ ಮಗುವೂ ಮಿಸುಕುತ್ತಿದೆ. ಮೊದಲು ಇಷ್ಟನ್ನು ಓದಿ, ಉಸಿರು ಬಿಟ್ಟು, ಆಮೇಲೆ ಮುಂದೆ ಓದು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಾಫಿ ಹಣ್ಣು ಒಣಗಹಾಕುತ್ತಿದ್ದೆವು. ಚಾಪೆಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ನಿಂತಲ್ಲೇ ಕುಸಿದು ಹಣ್ಣಿನ ಮೇಲೆ ಬಿದ್ದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವಳ ಅಣ್ಣ ಮಿಫ್ತಾ ಊರವರ ಜೊತೆ ಸೇರಿ ಮಂಚದ ಸಮೇತ ಹೊತ್ತು ರಸ್ತೆಗೆ ತಂದ. ಇಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಮ್ಮ ಭಾಷೆಯನ್ನೇ ಆಡುತ್ತಾಳೆ. ಅವಳು ತಮೀಮಾಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, “ಇವಳ ಮೈಯಲ್ಲಿ ಇರಬೇಕಾದ ಅರ್ಧದಷ್ಟೂ ರಕ್ತ ಇಲ್ವಲ್ಲಮ್ಮ, ಎಂಟನೇ ತಿಂಗಳಲ್ಲಿ ಹೀಗಿದ್ರೆ ಹೆರಿಗೆ ಹೊತ್ತಿಗೆ ನಾವು ಏನು ಮಾಡೋಣ?” ಎಂದಳು. ಮಿಫ್ತಾ ಒಂದು ಬಾಟಲಿ ರಕ್ತ ಕೊಟ್ಟ. ಅದು ಸಾಲದಂತೆ, ಇನ್ನೊಂದಾದರೂ ಬೇಕಂತೆ. ನನಗೆ ವಯಸ್ಸಾಯಿತು, ರಕ್ತದೊತ್ತಡವೂ ಇದೆ ಎಂದು ನನ್ನದನ್ನು ಮುಟ್ಟಲಿಲ್ಲ. ಊರಿನಿಂದ ಬಂದ ಇಬ್ಬರದು ಹೊಂದಲಿಲ್ಲ. ಉಳಿದವರು ಸೂಜಿಯ ಹೆಸರು ಕೇಳಿ ಈ ಕಡೆ ತಲೆ ಹಾಕಿಲ್ಲ. ನಿನ್ನ ರಕ್ತ ಯಾರಿಗೆ ಬೇಕಾದರೂ ಆಗುತ್ತದೆ ಎಂದು ಸೈನ್ಯದ ಚೀಟಿಯಲ್ಲಿ ಬರೆದಿದ್ದನ್ನು ನೀನೇ ತೋರಿಸಿ ಮೆರೆದಿದ್ದೆಯಲ್ಲ. ಆ ಚೀಟಿ ಹಿಡಿದುಕೊಂಡು ಬಾ. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬಾ.

ಇದು ಹೇಗಾಯಿತೆಂದು ನೀನು ಕೇಳುತ್ತೀಯ. ಡಾಕ್ಟರಮ್ಮನೂ ಕೇಳಿದಳು. ಕ್ಲಿನಿಕ್ಕಿನಲ್ಲಿ ರಕ್ತದ ಗುಳಿಗೆ ಕೊಟ್ಟಿದ್ದರಲ್ಲ, ತಗೊಂಡಳಾ ಎಂದಳು. ನಾನು ಎದೆಯುಬ್ಬಿಸಿ, ಒಂದು ದಿನವೂ ತಪ್ಪಿಸಿಲ್ಲ, ನಾನೇ ಕೈಯಾರೆ ಕೊಟ್ಟಿದ್ದೇನೆ ಎಂದೆ. ಯಾವುದರ ಜೊತೆ ಎಂದಳು. ಬರಕದ ಜೊತೆ ಎಂದೆ. ನಮ್ಮಲ್ಲಿ ಕಾಫಿಗೆ ಕೂತರೆ ಮೊದಲನೆಯ ಬಟ್ಟಲು ಬಾಯಿಗೆ, ಎರಡನೆಯದು ಮಾತಿಗೆ, ಮೂರನೆಯದು ಬರಕ, ದೇವರ ಕೃಪೆಗೆ. ಅದನ್ನು ಕುಡಿಯದೆ ಎದ್ದು ಹೋದ ನೆಂಟನನ್ನು ನೀನು ಕಂಡಿದ್ದೀಯಾ? ಹರಸಿ ಕೊಡುವ ಬಟ್ಟಲಿನ ಜೊತೆ ಔಷಧಿ ಕೊಟ್ಟರೆ ಎರಡು ಪಟ್ಟು ಹತ್ತುತ್ತದೆ ಎಂದುಕೊಂಡೆ. ಬೆಳಿಗ್ಗೆಯ ಕಾಫಿಗೊಂದು, ಸಂಜೆಯ ಕಾಫಿಗೊಂದು, ಐದು ತಿಂಗಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಕಾಫಿ ಆ ಗುಳಿಗೆಯ ಸತ್ವವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದಂತೆ, ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ಹಳ್ಳಿಯ ಹೆಂಗಸರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎಂದೆ. ಆಗ ತಮೀಮಾ ಮಲಗಿದಲ್ಲಿಂದಲೇ, “ನರ್ಸ್ ಹೇಳಿದ್ರು ಡಾಕ್ಟ್ರೇ, ನಾನೇ ಮರ್ತೆ” ಎಂದಳು.

ಮೂರು ದಿನದಿಂದ ನಾನು ಕಾಫಿ ಮುಟ್ಟಿಲ್ಲ. ತಲೆ ಸಿಡಿದು ಹೋಗುತ್ತಿದೆ. ಪಕ್ಕದ ಮನೆಯ ಶೆಮ್ಸಿಯಾ ನಿನ್ನೆ ಫ್ಲಾಸ್ಕಿನಲ್ಲಿ ತಂದಿದ್ದಳು. ಬೇಡ ಎಂದದ್ದಕ್ಕೆ, “ನೀನು ಕುಡೀದೆ ಇದ್ರೆ ಅವಳ ಮೈಗೆ ರಕ್ತ ಬರ್ತದಾ? ಮುಖ ನೋಡ್ಕೋ ಹೋಗು, ನಿನ್ನನ್ನೂ ಒಂದು ಮಂಚಕ್ಕೆ ಹಾಕ್ತಾರೆ” ಎಂದು ಗದರಿದಳು. ಈ ಪಾಪಿ ಕಾಫಿಯನ್ನು ಬಾಯಿ ತುಂಬ ಬೈಯೋಣವೆಂದರೆ ನಾಲಿಗೆ ಏಳುವುದಿಲ್ಲ ಮಗನೇ. ನಿನ್ನ ಅಪ್ಪ ತೀರಿಕೊಂಡ ವರ್ಷ ನಾನು ಹಾಸಿಗೆ ಬಿಟ್ಟು ಎದ್ದದ್ದು ಇದೇ ಶೆಮ್ಸಿಯಾ ನನ್ನ ಒಲೆಯ ಮುಂದೆ ಕೂತು ಬೀಜ ಹುರಿದದ್ದರಿಂದ. ಆ ಹೊಗೆ ಮೂಗಿಗೆ ಬಡಿಯದಿದ್ದರೆ ನಾನೂ ಅವನ ಹಿಂದೆಯೇ ಹೋಗುತ್ತಿದ್ದೆ. ಡಾಕ್ಟರಮ್ಮನೂ ಇದು ವಿಷ ಎನ್ನಲಿಲ್ಲ. ಬಸುರಿಯರು ದಿನಕ್ಕೊಂದು ಸಣ್ಣ ಬಟ್ಟಲು ಕುಡಿದರೆ ಏನೂ ಆಗದು, ಆರು ಕುಡಿದರೆ ಹೆಚ್ಚು ಎಂದಳು. ನನ್ನಂಥ ಮುದುಕಿಯರಿಗೆ ಕಾಫಿಯಿಂದ ಒಳ್ಳೆಯದೂ ಇದೆಯಂತೆ, ನಮ್ಮ ಕಡೆ ಅದಕ್ಕೆ ಸಕ್ಕರೆಯ ಬದಲು ಹಾಕುವ ಉಪ್ಪೇ ಕೆಡುಕಂತೆ. ಮಳೆಗಾಲದಲ್ಲಿ ತಮೀಮಾಳಿಗೆ ಬಂದ ಮಲೇರಿಯಾವೂ ರಕ್ತ ತಿಂದಿದೆ, ತಪ್ಪೆಲ್ಲ ಒಂದರ ಮೇಲೇ ಹೊರಿಸಬೇಡಿ ಎಂದೂ ಸಮಾಧಾನ ಹೇಳಿದಳು. ಸಮಾಧಾನ ನನ್ನ ಹತ್ತಿರ ನಿಲ್ಲುತ್ತಿಲ್ಲ. ಮಲೇರಿಯಾ ತಾನಾಗಿ ಬಂತು. ಬಟ್ಟಲು ತುಂಬಿಸಿ ಕೊಟ್ಟವಳು ನಾನು.

ಈಗ ಅವಳು ಮಲಗಿದ್ದಾಳೆ. ನಾಲ್ಕು ಹೆಜ್ಜೆ ನಡೆದರೆ ಬೆಟ್ಟ ಹತ್ತಿದವಳ ಹಾಗೆ ಏದುಸಿರು ಬಿಡುತ್ತಾಳೆ. ಆಡಿನ ಲಿವರ್ ಬೇಯಿಸಿ ತಂದರೆ ಎರಡು ತುತ್ತಿಗೆ ಸಾಕೆನ್ನುತ್ತಾಳೆ. ನನ್ನ ಮುಖ ಸಪ್ಪಗಾದದ್ದು ಕಂಡರೆ ಅವಳೇ, “ಅತ್ತೆ, ನೀವು ಅಳ್ತಾ ಕೂತ್ರೆ ನನಗೆ ಇನ್ನೂ ಸುಸ್ತಾಗ್ತದೆ” ಎನ್ನುತ್ತಾಳೆ. ನಾನು ಐದು ಹೊತ್ತೂ ದೇವರಲ್ಲಿ ಕೇಳುವುದು ಒಂದೇ, ಯಾರನ್ನಾದರೂ ಕರೆದುಕೊಳ್ಳಲೇಬೇಕೆಂದಿದ್ದರೆ ನನ್ನನ್ನು ಕರೆದುಕೋ ಎಂದು. ಈ ಪತ್ರವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ, ನಾಳೆ ಸಂಜೆಯೊಳಗೆ ನಿನಗೆ ಮುಟ್ಟಿಸುತ್ತಾನೆ. ಜೊತೆ ಕೆಲಸದವರಿಗೆ ನನ್ನ ಸಲಾಂ ಹೇಳು. ದಾರಿಯುದ್ದಕ್ಕೂ ದೇವರು ನಿನ್ನನ್ನು ಕಾಯಲಿ, ನಿನ್ನ ರಕ್ತದಲ್ಲಿ ಅವಳ ಆಯಸ್ಸನ್ನು ಇಡಲಿ.

ನಿನ್ನ ಅಮ್ಮ,
ಜೈತೂನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬಸ್ಸು ಹಾರನ್ ಹೊಡೆಯುತ್ತಿದೆ. ತಮೀಮಾ ಯಾವುದನ್ನೂ ಮರೆತಿರಲಿಲ್ಲ. ಗುಳಿಗೆ ತಂದ ಮೊದಲ ದಿನವೇ, “ಅತ್ತೆ, ಇದನ್ನ ನೀರಲ್ಲಿ ತಗೋಬೇಕಂತೆ, ಕಾಫಿ ಕುಡಿಯೋ ಹೊತ್ತಲ್ಲಿ ಬೇಡವಂತೆ” ಎಂದಿದ್ದಳು. ಶೆಮ್ಸಿಯಾ ಮತ್ತು ಇನ್ನೂ ಇಬ್ಬರು ಹೆಂಗಸರು ಕೂತಿದ್ದರು. ಅವರೆದುರು ನಾನು, “ನಾಲ್ಕು ಹೆತ್ತವಳು ನಾನಾ, ಆ ನರ್ಸಾ? ನನ್ನ ಕೈಯ ಬರಕ ಬೇಡವಾದ್ರೆ ನಿನ್ನ ತವರಿಗೆ ಹೋಗಿ ನೀರು ಕುಡಿ” ಎಂದೆ. ಅವಳು ತಲೆ ತಗ್ಗಿಸಿ ನುಂಗಿದಳು. ಆಮೇಲೆ ಒಂದು ದಿನವೂ ಎದುರು ಮಾತಾಡಲಿಲ್ಲ. ನನ್ನ ಮಾನ ಉಳಿಸಲೆಂದೇ ಡಾಕ್ಟರಿಗೆ ಸುಳ್ಳು ಹೇಳಿದ್ದಾಳೆ, ನೀನು ಬಂದರೆ ನಿನಗೂ ಅದನ್ನೇ ಹೇಳುತ್ತಾಳೆ. ನಂಬಬೇಡ, ಯಾಕೆ ಮರೆತೆ ಎಂದು ಅವಳನ್ನು ಒಂದು ಮಾತೂ ಅನ್ನಬೇಡ. ರಕ್ತ ಕೊಟ್ಟಾದ ಮೇಲೆ ಜಗಲಿಗೆ ಬಾ. ನಾನು ಇಲ್ಲೇ ಇರುತ್ತೇನೆ, ಬೈಯುವುದನ್ನೆಲ್ಲ ನನಗೆ ಬೈ.