ಕೈಗಣ್ಣಾಡಿ

ಅವಿನಾಶಿ, ತಮಿಳುನಾಡು
೯ ಜುಲೈ ೨೦೨೪

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಬಟ್ಟೆ ಒಣಹಾಕಲು ಈಗಲೂ ನೀನೇ ಮಹಡಿ ಹತ್ತುತ್ತೀಯಾ? ನೀನು ನನ್ನ ಫೋನ್ ಎತ್ತದೆ ಎಂಟು ತಿಂಗಳಾಯಿತು, ಅದಕ್ಕೇ ಈ ಕಾಗದ. ನಿನಗೆ ಕನ್ನಡ ಓದಲು ಬಾರದೆಂದು ಗೊತ್ತು. ತಮಿಳಿನಲ್ಲಿ ಬರೆಯಬಹುದಿತ್ತು, ಆದರೆ ಅಲ್ಲಿ ಮುಖ ನೋಡಿಕೊಳ್ಳುವುದೂ ಕಣ್ಣಾಡಿ, ಕಣ್ಣಿಗೆ ಹಾಕಿಕೊಳ್ಳುವುದೂ ಕಣ್ಣಾಡಿ. ಹಾಗೆ ಬರೆದರೆ ನನ್ನ ತಪ್ಪು ಏನೆಂದೇ ನಿನಗೆ ತಿಳಿಯುವುದಿಲ್ಲ. ನಿನ್ನ ಸೊಸೆ ಭೂಮಿ ತುಮಕೂರಿನವಳಲ್ಲವೇ, ಅವಳು ಓದಿ ಹೇಳಲಿ.

ಅಮ್ಮ ತೀರಿಕೊಂಡ ಮೇಲೆ ನೀನು ಸೇಲಂನಿಂದ ಫೋನ್ ಮಾಡಿ, "ಅಮ್ಮಂದು ಕೈಗಣ್ಣಾಡಿ ಒಂದು ಕಳ್ಸುಡಿ, ಬೇರೇನೂ ವೇಣಾ" ಅಂದೆ. ಅದು ನಮ್ಮ ಮನೆಗನ್ನಡದ ತಮಿಳು ರಾಗ ಎಂದುಕೊಂಡು ನಾನು ಮನಸ್ಸಿನಲ್ಲೇ 'ಕೈಗನ್ನಡಿ' ಎಂದು ತಿದ್ದಿಕೊಂಡೆ. ಅಮ್ಮನ ಪೆಟ್ಟಿಗೆಯಲ್ಲಿದ್ದ ಹಿಡಿಯ ಕನ್ನಡಿಯನ್ನು ಒರೆಸಿ ಕಳಿಸಿದೆ. ಕೊನೆಗಾಲಕ್ಕೆ ಬರಲಾಗದ ನಿನಗೆ, ನಿನ್ನ ಮುಖ ನೀನೇ ನೋಡಿಕೋ ಅಂದ ಹಾಗಾಯಿತು. ನೀನು ಅತ್ತದ್ದನ್ನು ಭೂಮಿ ಹೇಳಿದಳು. ಕೇಳಿದ್ದನ್ನೇ ಕಳಿಸಿದೆನಲ್ಲ ಎಂದು ನನಗೂ ಬಿಗುಮಾನ.

ಮೊನ್ನೆ ಒಂದು ಫ್ರೆಂಚ್ ಕವಿತೆಯ ಅನುವಾದ ಓದುತ್ತಿದ್ದೆ. ಅದರಲ್ಲಿ ಒಬ್ಬ ಮುದುಕಿ 'ಫಾಸ್-ಆ-ಮ್ಯಾಂ' ಎತ್ತಿ ಹಿಡಿಯುತ್ತಾಳೆ. ಮುಖ, ಕೈ ಎರಡೂ ಸೇರಿದ ಪದ. ಕನ್ನಡಿಯೇ ಇರಬೇಕು ಅಂದುಕೊಂಡೆ. ಅಡಿಟಿಪ್ಪಣಿ ಬೇರೆಯೇ ಹೇಳಿತು: ಕಿವಿಗೆ ಸಿಕ್ಕಿಸದೆ, ಹಿಡಿ ಹಿಡಿದು ಕಣ್ಣಿನ ಮುಂದೆ ಇಟ್ಟುಕೊಳ್ಳುವ ಹಳೆಯ ಕಾಲದ ಕನ್ನಡಕ. ಪುಸ್ತಕ ಮುಚ್ಚಿಬಿಟ್ಟೆ ಅಕ್ಕಾ. ಎರಡೂ ಕಾಲು ಮುರಿದ ಕನ್ನಡಕಕ್ಕೆ ಅಪ್ಪ ಬಿದಿರುಕಡ್ಡಿ ಕಟ್ಟಿಕೊಟ್ಟದ್ದು, ಅಮ್ಮ ಅದನ್ನೆತ್ತಿ ಸೀರೆಯ ಅಂಚು ನೋಡುತ್ತಿದ್ದದ್ದು, ಮಗ್ಗದ ಸದ್ದನ್ನೂ ಮೀರಿ "ಏ ಶಿವಗಾಮಿ, ಎಳೆ ಬಿಟ್ಟದೆ, ಕೈಗಣ್ಣಾಡಿ ಎತ್ಕೊಂಡು ಸೀಕ್ರಂ ಬಾಡಿ" ಎಂದು ಕೂಗುತ್ತಿದ್ದದ್ದು. ಎಷ್ಟು ಸಲ ಓಡಿ ತಂದುಕೊಟ್ಟಿದ್ದೇನೆ! ಮೈಸೂರಿಗೆ ಹೋಗಿ ಕನ್ನಡ ಎಂ.ಎ. ಮಾಡಿದವಳು ಮನೆಯ ಮಾತನ್ನೇ ಮರೆತೆ. ನೀನು ಆ ಮಾತನ್ನು ಹಾಗೆಯೇ ಇಟ್ಟುಕೊಂಡಿದ್ದೆ.

ಅಮ್ಮನ ಕೈಗಣ್ಣಾಡಿ ನೂಲಿನ ಡಬ್ಬದಲ್ಲಿ ಸಿಕ್ಕಿತು. ಬಿದಿರಿನ ಮೇಲೆ ಅಮ್ಮನ ಹೆಬ್ಬೆರಳು ಸವೆಸಿದ ಗುಳಿ ಹಾಗೇ ಇದೆ. ನನ್ನ ಬೆರಳೂ ಅದರಲ್ಲಿ ಸರಿಯಾಗಿ ಕೂರುತ್ತದೆ.

ಭಾವನಿಗೆ ನಮಸ್ಕಾರ ಹೇಳು. ಮಗನಿಗೂ ಭೂಮಿಗೂ ಚಿಕ್ಕಮ್ಮನ ಆಶೀರ್ವಾದ.

ನಿನ್ನ ತಂಗಿ,
ಶಿವಗಾಮಿ

ಮರೆತಿದ್ದೆ: ಭೂಮಿ, ಇದನ್ನು ಎರಡು ಸಲ ಓದಮ್ಮ. ಅಕ್ಕಾ, ಕೈಗಣ್ಣಾಡಿಯನ್ನು ಪಾರ್ಸಲ್ ಮಾಡುವುದಿಲ್ಲ, ನೀನೇ ಬಂದು ತಗೊ. ಬರುವಾಗ ಆ ಕನ್ನಡಿ ತಾ. ಇದನ್ನು ಕಣ್ಣಿಗೆ ಹಿಡಿದರೆ ನಾನು ಅಮ್ಮನ ಹಾಗೆ ಕಾಣುತ್ತೇನಾ ಎಂದು ಕೇಳಲು ಇಲ್ಲಿ ಯಾರೂ ಇಲ್ಲ.